ಸೀಟಲ್ಲಿ ಇಲ್ಲ

ಕಳೆದ ಶ್ರಾವಣದ ಒಂದು ಸೋಮವಾರ. ನಾನು ಕೆಲಸ ಮಾಡುವ ಸೊಸೈಟಿಯಲ್ಲಿ ಸೋಮವಾರ ಅಂದರೆ ಜನ ಜಾಸ್ತಿ. ಭಾನುವಾರ ಕಳೆದು ಹಳ್ಳಿಯವರು, ಪೇಟೆಯವರು ಎಲ್ಲ ಒಟ್ಟಿಗೆ ಬರುತ್ತಾರೆ. ಮಧ್ಯಾಹ್ನ ಎರಡೂವರೆಗೆ ಬಂಗಾರದ ಸಾಲದ ಒಂದು ಫೈಲ್ ತರಬೇಕಿತ್ತು. ಎದ್ದೆ. ಎಡಗಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಜೋಮು ಹಿಡಿದು ಮರದ ತುಂಡಿನ ಹಾಗಾಗಿತ್ತು. ಮೇಜು ಹಿಡಿದುಕೊಳ್ಳದೆ ಇದ್ದಿದ್ದರೆ ಬಿದ್ದೇ ಬಿಡುತ್ತಿದ್ದೆ. ಕೌಂಟರಿನ ಆಚೆ ಆನಗೋಡು ಕಡೆಯ ಒಬ್ಬ ಅಜ್ಜ ನಿಂತಿದ್ದರು. ಕೈಯಲ್ಲಿ ಪಾಸ್‌ಬುಕ್, ಹೆಗಲ ಮೇಲೆ ಟವೆಲ್. "ನಿಧಾನ ಅವ್ವಾ, ಬೆಳಿಗ್ಗಿಂದ ಎದ್ದೇ ಇಲ್ಲೇನು ನೀನು?" ಅಂದರು. ಹಾಗೆ ಕೇಳಿದ ಅಜ್ಜ ಒಂದು ಗಂಟೆಗೂ ಜಾಸ್ತಿ ಹೊತ್ತಿನಿಂದ ಅಲ್ಲೇ ನಿಂತಿದ್ದರು. ನಾನು ಹತ್ತು ಗಂಟೆಯಿಂದ ಕೂತೇ ಇದ್ದೆ. ನಮ್ಮಿಬ್ಬರ ನಡುವೆ ಎರಡು ಅಡಿ ಅಗಲದ ಒಂದು ಹಲಗೆ, ಅಷ್ಟೇ.

ಅವತ್ತು ರಾತ್ರಿ ಮಲಗಿದ ಮೇಲೂ ಆ ಮಾತು ಹೋಗಲಿಲ್ಲ. ಯಾಕೆ ಎದ್ದಿರಲಿಲ್ಲ ನಾನು? ಕೆಲಸ ಇತ್ತು, ನಿಜ. ಆದರೆ ನಾಲ್ಕೂವರೆ ಗಂಟೆಯಲ್ಲಿ ಎರಡು ನಿಮಿಷ ಏಳಲು ಆಗದಷ್ಟು ಇರಲಿಲ್ಲ. ಯೋಚಿಸುತ್ತಾ ಹೋದಾಗ ಇನ್ನೊಂದು ವಿಷಯ ಹೊಳೆಯಿತು. ನಾನು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದೆ. ನೀರು ಕುಡಿದರೆ ಏಳಬೇಕಾಗುತ್ತದೆ, ಅದಕ್ಕೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಕಲಿತುಕೊಂಡಿದ್ದೆ. ನಮ್ಮಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಎಷ್ಟೋ ಜನ ಇದೇ ಮಾತು ಹೇಳುತ್ತಾರೆ.

ನಮ್ಮ ಕಚೇರಿಗಳಲ್ಲಿ ಒಂದು ಮಾತಿದೆ: "ಅವರು ಸೀಟಲ್ಲಿ ಇಲ್ಲ." ಇದು ಬರೀ ಸುದ್ದಿಯಲ್ಲ, ದೂರು. ತಾಲ್ಲೂಕು ಕಚೇರಿಗೆ ಹೋಗಿ ಬಂದವರು ಮನೆಯಲ್ಲಿ ಹೇಳುವ ಮೊದಲ ಮಾತೇ ಇದು. ಜನರ ಸಿಟ್ಟು ನ್ಯಾಯವಾದದ್ದೇ. ಬಸ್ ಚಾರ್ಜ್ ಕೊಟ್ಟು, ಒಂದು ದಿನದ ಕೂಲಿ ಬಿಟ್ಟು ಬಂದವರು ಖಾಲಿ ಕುರ್ಚಿ ನೋಡಿದರೆ ಇನ್ನೇನು ಹೇಳಬೇಕು? ಆದರೆ ಆ ಮಾತು ನಮ್ಮೊಳಗೆ ಬೇರೆ ಥರ ಬೇರು ಬಿಟ್ಟಿದೆ. ಸೀಟಲ್ಲಿ ಇದ್ದರೆ ಕೆಲಸ ಮಾಡುತ್ತಿದ್ದಾರೆ, ಎದ್ದರೆ ಮಾಡುತ್ತಿಲ್ಲ ಅನ್ನುವ ಲೆಕ್ಕ. ಹಿಂದೆ ನಮ್ಮ ಶಾಖೆಯಲ್ಲಿದ್ದ ಒಬ್ಬ ಮ್ಯಾನೇಜರ್, ನಾನು ಎರಡು ಸಲ ಎದ್ದು ಓಡಾಡಿದ್ದನ್ನು ನೋಡಿ "ಏನ್ ಮೇಡಂ, ಇವತ್ತು ಸೀಟಲ್ಲೇ ಇರ್ತಿಲ್ಲ ನೀವು" ಅಂದಿದ್ದರು. ಗದರಲಿಲ್ಲ, ಮೆಲ್ಲಗೇ ಹೇಳಿದರು. ಆದರೆ ಅವತ್ತಿಂದ ಏಳುವ ಮೊದಲು ಅವರ ಕ್ಯಾಬಿನ್ ಕಡೆ ನೋಡುವುದು ನನಗೆ ಅಭ್ಯಾಸವಾಯಿತು. ಅವರಿಗೆ ವರ್ಗವಾಗಿ ಎಷ್ಟೋ ವರ್ಷ ಆದರೂ ಆ ಅಭ್ಯಾಸ ಹೋಗಿರಲಿಲ್ಲ.

ಕೂತು ಮಾಡುವ ಕೆಲಸ

ನನ್ನ ಅಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ನೂಲು ತೆಗೆಯುವ ವಿಭಾಗದಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು, ಆದರೂ ಮಿಲ್ಲಿನ ಸೈರನ್ ಕೇಳಿಯೇ ನಮ್ಮ ಓಣಿಯಲ್ಲಿ ಒಲೆ ಹಚ್ಚುತ್ತಿದ್ದರು. ಎಂಟು ಗಂಟೆಯ ಪಾಳಿ. ಎರಡು ಸಾಲು ಯಂತ್ರಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರಬೇಕು. ಎಲ್ಲಿ ಎಳೆ ತುಂಡಾಯಿತೋ ಅಲ್ಲಿ ಬೆರಳಲ್ಲಿ ಜೋಡಿಸಬೇಕು. ಎಳೆ ಕಡಿಯದಿರಲಿ ಅಂತ ಒಳಗೆ ಗಾಳಿಯನ್ನು ತೇವ ಮಾಡಿ ಇಟ್ಟಿರುತ್ತಿದ್ದರು. ಆ ಸೆಕೆ, ಆ ಸದ್ದು, ಹತ್ತಿಯ ದೂಳು. ಅಪ್ಪ ಮನೆಗೆ ಬಂದಾಗ ಹುಬ್ಬಿನ ಮೇಲೆ ಬಿಳಿ ಹಿಂಜು ಕೂತಿರುತ್ತಿತ್ತು.

ಬಂದವರು ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು ಎರಡೂ ಕಾಲು ಚಾಚುವುದು. ಮಾತಿಲ್ಲ, ಚಹಾ ಇಲ್ಲ, ಸ್ವಲ್ಪ ಹೊತ್ತು ಸುಮ್ನೆ ಕೂರುವುದು. ನಾನು ಕೊಬ್ಬರಿ ಎಣ್ಣೆ ತಂದು ಮೀನಖಂಡ ತಿಕ್ಕುತ್ತಿದ್ದೆ. ಅವರ ಕಾಲಿನ ನರಗಳು ಹಸಿರಾಗಿ, ಹಗ್ಗದ ಹಾಗೆ ಉಬ್ಬಿ ಸುತ್ತಿಕೊಂಡಿದ್ದವು. ಬೆರಳು ತಾಕಿದರೆ ಮೆತ್ತಗೆ ಒಳಗೆ ಹೋಗುತ್ತಿದ್ದವು. ನನಗೆ ಆಗ ಹನ್ನೊಂದೋ ಹನ್ನೆರಡೋ ವರ್ಷ. ಒಂದು ದಿನ ಕೇಳಿದೆ, "ಅಪ್ಪಾ, ಅಲ್ಲಿ ಕೂರೋಕೆ ಏನೂ ಇಲ್ವಾ?" ಅಪ್ಪ ಹೇಳಿದರು, "ಗೋಡೆಗೆ ಒಂದು ಬೆಂಚ್ ಐತವ್ವಾ. ಕುಂತರೆ ಜಾಬರ್ ಬಯ್ತಾನೆ." ಜಾಬರ್ ಅಂದರೆ ಕೆಲಸಗಾರರ ಮೇಲೆ ಕಣ್ಣಿಡುವ ಮೇಸ್ತ್ರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು, "ನೀನು ಚೆನ್ನಾಗಿ ಓದು. ಫ್ಯಾನಿನ ಕೆಳಗೆ ಕುಂತು ಮಾಡೋ ಕೆಲಸ ಹಿಡಿ."

ಬಹಳ ವರ್ಷಗಳ ಮೇಲೆ, ಕೆಲಸದ ಪರೀಕ್ಷೆಗೆ ಓದುವಾಗ 1948ರ ಕಾರ್ಖಾನೆ ಕಾಯ್ದೆ ಕಣ್ಣಿಗೆ ಬಿತ್ತು. ಅದರ 44ನೇ ಸೆಕ್ಷನ್ ಹೇಳುತ್ತಿದ್ದದ್ದು ಇದನ್ನೇ. ನಿಂತು ಕೆಲಸ ಮಾಡಬೇಕಾದ ಕಾರ್ಮಿಕರಿಗೆ ಕೂರಲು ತಕ್ಕ ವ್ಯವಸ್ಥೆ ಇರಬೇಕು, ಕೆಲಸದ ನಡುವೆ ಬಿಡುವು ಸಿಕ್ಕಾಗ ಅವರು ಕೂತು ಸುಧಾರಿಸಿಕೊಳ್ಳುವಂತಿರಬೇಕು. ಆ ಸಾಲುಗಳನ್ನು ಮೂರು ಸಲ ಓದಿದೆ. ಅಪ್ಪನ ಗೋಡೆಯ ಬೆಂಚು ಸುಮ್ನೆ ಬಂದದ್ದಲ್ಲ, ಕಾನೂನಿನಿಂದ ಬಂದದ್ದು. ಬೆಂಚು ಬಂದಿತ್ತು. ಕೂರಲು ಒಪ್ಪಿಗೆ ಮಾತ್ರ ಬಂದಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಇದ್ದಾಗ ಆ ಮಿಲ್ಲು ಮುಚ್ಚಿತು. ಆ ಕಥೆ ಈ ಊರಿನ ಎಷ್ಟೋ ಮನೆಗಳದ್ದು, ಇಲ್ಲಿ ಬೇಡ. ನಾನು ಅಪ್ಪ ಹೇಳಿದ ಕೆಲಸ ಹಿಡಿದೆ. ಮೊದಲ ದಿನ ನನ್ನನ್ನು ಬಿಡಲು ಬಂದವರು ಕುರ್ಚಿಯನ್ನು ಕೈಯಿಂದ ಒತ್ತಿ ನೋಡಿದರು. ಸ್ಪಂಜು ಇತ್ತು. ಅವರ ಮುಖದಲ್ಲಿ ಅವತ್ತು ಕಂಡ ಸಮಾಧಾನ ನನಗೆ ಈಗಲೂ ನೆನಪಿದೆ. ಅದಕ್ಕೇ ಆ ಕುರ್ಚಿಯಿಂದ ನೋವು ಶುರುವಾದಾಗ ನಾನು ಅವರಿಗೆ ಎಷ್ಟೋ ತಿಂಗಳು ಹೇಳಲೇ ಇಲ್ಲ.

ಲೆಡ್ಜರ್ ಹೊತ್ತು ಓಡಾಡುತ್ತಿದ್ದ ದಿನಗಳು

ಮೊದಮೊದಲು ನೋವು ಇರಲಿಲ್ಲ, ಅದೇ ನನಗೆ ಆಶ್ಚರ್ಯ. ಕುರ್ಚಿ ಅದೇ, ಸಮಯ ಅದೇ, ನಾನು ಚಿಕ್ಕವಳು ಅನ್ನುವುದು ಒಂದು ಕಾರಣ ಇರಬಹುದು. ಆದರೆ ಇನ್ನೊಂದು ಇದೆ. ಆಗ ಎಲ್ಲವೂ ಲೆಡ್ಜರಿನಲ್ಲಿ. ಒಂದು ವೋಚರ್ ಬಂದರೆ ಲೆಡ್ಜರ್ ತೆಗೆಯಲು ಬೀರು ತನಕ ಹೋಗಬೇಕು. ಬರೆದು, ಸಹಿಗೆ ಆಫೀಸರ್ ಮೇಜಿಗೆ ಒಯ್ಯಬೇಕು. ಅಲ್ಲಿಂದ ಕ್ಯಾಷ್ ಕೌಂಟರಿಗೆ. ಹಳೇ ಖಾತೆ ಅಂದರೆ ಹಿಂದಿನ ರೆಕಾರ್ಡ್ ರೂಮು. ಲೆಡ್ಜರ್ ಒಂದೊಂದೂ ಮೂರು ನಾಲ್ಕು ಕೆಜಿ ತೂಕ. ಆಗ ಅದನ್ನು ಬೈದುಕೊಂಡೇ ಹೊರುತ್ತಿದ್ದೆವು. ದಾರಿಯಲ್ಲಿ ಒಂದು ಮಾತು. "ಮಗಳ ರಿಸಲ್ಟ್ ಬಂತಾ?" "ಈ ಸಲ ಮೆಕ್ಕೆಜೋಳಕ್ಕೆ ರೇಟ್ ಇಲ್ವಂತೆ, ಸಾಲ ಕಟ್ಟೋದು ಕಷ್ಟ." ಅರ್ಧ ನಿಮಿಷದ ಮಾತುಗಳು. ಆದರೆ ಯಾವ ಖಾತೆಯವರ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಆ ಓಡಾಟದಲ್ಲೇ ನಮಗೆ ಗೊತ್ತಾಗುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಜನರು ಕಾಯುವುದು ಕಡಿಮೆಯಾಯಿತು, ತಪ್ಪು ಕಡಿಮೆಯಾಯಿತು, ಮಾರ್ಚ್ ಕೊನೆಗೆ ರಾತ್ರಿ ಹನ್ನೊಂದರ ತನಕ ಕೂರುವುದು ತಪ್ಪಿತು. ಆದರೆ ಬೀರು, ಆಫೀಸರ್, ಕ್ಯಾಷ್, ರೆಕಾರ್ಡ್ ರೂಮು ಎಲ್ಲ ಒಂದೇ ಪರದೆಯೊಳಗೆ ಬಂದು ಕೂತವು. ಅವುಗಳ ಮುಂದೆ ನಾನೂ ಕೂತೆ. ನಡಿಗೆ ಹೋಯಿತು. ನಡಿಗೆಯ ಜೊತೆ ಆ ಅರ್ಧ ನಿಮಿಷದ ಮಾತೂ ಹೋಯಿತು. ನಮ್ಮ ಶಾಖೆಯಲ್ಲಿ ಹನ್ನೊಂದು ಜನ ಇದ್ದೇವೆ. ಈಗ ಪಕ್ಕದ ಮೇಜಿನವರಿಗೂ ವಾಟ್ಸಾಪಿನಲ್ಲೇ ಕೇಳುತ್ತೇವೆ.

ಎರಡು ವರ್ಷದ ಹಿಂದೆ ಒಂದು ತರಬೇತಿಯಲ್ಲಿ ನಮಗೆಲ್ಲ ಒಂದು ಫಾರಂ ಕೊಟ್ಟರು. ನೌಕರರಿಗೆ ಕೆಲಸದಲ್ಲಿ ಎಷ್ಟು ಮನಸ್ಸಿದೆ ಅಂತ ಅಳೆಯುವ ಪ್ರಶ್ನೆಗಳು. ಒಂದು ಪ್ರಶ್ನೆ ಹೀಗಿತ್ತು: ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲವೇ? ನಾನು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದೆ. ಮೊದಲು ಹಾಗೆ ಆಗುತ್ತಿತ್ತು. ಈಗ ಹೊತ್ತು ಹೋಗುವುದು ಸೊಂಟದಲ್ಲಿ ಗೊತ್ತಾಗುತ್ತದೆ. ಹನ್ನೊಂದೂವರೆಗೆ ಕೆಳಬೆನ್ನು, ಒಂದು ಗಂಟೆಗೆ ಕತ್ತಿನ ಹಿಂಭಾಗ, ನಾಲ್ಕಕ್ಕೆ ಪಾದ. ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಕಾಲ ಮೇಲೆ ಹಾಗೇ ಮೂಡಿರುತ್ತದೆ. ನಾವು ನಡೆದಾಗ ಮೀನಖಂಡ ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಕೂತರೆ ಆ ಹಿಂಡುವುದು ನಿಂತಿತು, ನೀರು ಕೆಳಗೇ ಇಳಿದು ಕೂರುತ್ತದೆ. ಅಪ್ಪನ ಕಾಲು ನಿಂತೂ ನಿಂತೂ ಹಾಳಾಯಿತು, ನನ್ನ ಕಾಲು ಕೂತೂ ಕೂತೂ ಊದುತ್ತಿದೆ.

ಕಂಡಕ್ಟರ್ ಹತ್ತಿದ ಮೆಟ್ಟಿಲು

ಕಾಲಿನ ಊತ ನೋಡಿದ ಡಾಕ್ಟರ್ "ಕೂರುವುದು ಕಡಿಮೆ ಮಾಡಿ" ಅಂದ ಮೇಲೆ ನಾನು ಓದಲು ಶುರು ಮಾಡಿದೆ. ಬಹಳ ಇಷ್ಟವಾದದ್ದು ಲಂಡನ್ನಿನ ಬಸ್ಸುಗಳ ಕಥೆ. ಜೆರ್ರಿ ಮಾರಿಸ್ ಅನ್ನುವ ವೈದ್ಯರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ನೋಡಿದರು. ಇಬ್ಬರದ್ದೂ ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಥರದ ಮನೆತನ. ಒಬ್ಬ ಇಡೀ ದಿನ ಕೂರುತ್ತಾನೆ. ಇನ್ನೊಬ್ಬ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಇಳಿಯುತ್ತಾನೆ. 1953ರಲ್ಲಿ ಅದರ ಫಲಿತಾಂಶ ಬಂತು. ಹೃದಯದ ಕಾಯಿಲೆ ಡ್ರೈವರ್‌ಗಳಿಗೇ ಜಾಸ್ತಿ. ಅಂಚೆ ಇಲಾಖೆಯಲ್ಲೂ ನೋಡಿದರು. ನಡೆದು, ಸೈಕಲ್ ತುಳಿದು ಕಾಗದ ಹಂಚುವವರಿಗಿಂತ ಕಚೇರಿಯಲ್ಲಿ ಕೂತ ಗುಮಾಸ್ತರಿಗೆ ಜಾಸ್ತಿ. ಮಾರಿಸ್ ಅಲ್ಲಿಗೇ ನಿಲ್ಲಿಸಲಿಲ್ಲ, ಅದು ನನಗೆ ಹಿಡಿಸಿತು. ಮೂರು ವರ್ಷದ ಮೇಲೆ ಆ ಸಿಬ್ಬಂದಿಯ ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆ ತೆಗೆದು ನೋಡಿದರು. ಡ್ರೈವರ್‌ಗಳ ಸೊಂಟ ಚಿಕ್ಕ ವಯಸ್ಸಿನಿಂದಲೇ ದಪ್ಪ ಇತ್ತು. ಅಂದರೆ ಎಲ್ಲ ತಪ್ಪನ್ನೂ ಸೀಟಿನ ಮೇಲೆ ಹಾಕುವ ಹಾಗಿಲ್ಲ. ತನ್ನ ಮಾತಿಗೆ ತಾನೇ ಪ್ರಶ್ನೆ ಹಾಕಿಕೊಂಡ ಮನುಷ್ಯ. 99 ವರ್ಷ ಬದುಕಿದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೊಸೈಟಿಯ ಪಿಗ್ಮಿ ಏಜೆಂಟ್, ನಾವೆಲ್ಲ ಕರೆಯುವ ಪಿಗ್ಮಿ ಅಣ್ಣ. ಪಿಗ್ಮಿ ಗೊತ್ತಲ್ಲ, ದಿನಾ ಸ್ವಲ್ಪ ಸ್ವಲ್ಪ ಹಣ ಕೂಡಿಡುವ ಯೋಜನೆ, 1928ರಲ್ಲಿ ಉಡುಪಿಯ ಬ್ಯಾಂಕು ಶುರು ಮಾಡಿದ್ದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾಯಿತು. ದಿನಕ್ಕೆ ಎರಡಾಣೆ ಆದರೂ ಸರಿ, ಏಜೆಂಟ್ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಅಣ್ಣನಿಗೆ ಐವತ್ತೆಂಟು ವರ್ಷ. ಮಂಡಿಪೇಟೆ, ಅಶೋಕ ರಸ್ತೆ, ಚಾಮರಾಜಪೇಟೆ ಸುತ್ತಿ ಬರುತ್ತಾನೆ. ಎಲ್ಲಾದರೂ ಒಂದು ಕಡೆ ಸ್ಕೂಟರ್ ನಿಲ್ಲಿಸಿ ಉಳಿದದ್ದೆಲ್ಲ ನಡಿಗೆ. ಕಮಿಷನ್ ಮೇಲೆ ಬದುಕು, ಸಂಬಳ ಇಲ್ಲ, ಮಳೆ ಬಿಸಿಲು ಎಲ್ಲ ತಲೆ ಮೇಲೆ. ಅವನ ಬದುಕು ನನಗಿಂತ ಸುಲಭ ಅಂತ ನಾನು ಹೇಳುತ್ತಿಲ್ಲ, ಖಂಡಿತ ಅಲ್ಲ. ಆದರೆ ಸಂಜೆ ಲೆಕ್ಕ ಒಪ್ಪಿಸಲು ಬಂದಾಗ ಅವನ ಕಣ್ಣಲ್ಲಿ ನಿದ್ದೆ ಇರುವುದಿಲ್ಲ. ಹೋದ ವರ್ಷ ಒಂದು ಸಾಲದ ಅರ್ಜಿ ನನ್ನ ಮುಂದೆ ಬಂತು. ಕಾಗದ ಎಲ್ಲ ಸರಿ ಇತ್ತು. ಅಣ್ಣ ಬಗ್ಗಿ ನೋಡಿ "ಮೇಡಂ, ಆ ಅಂಗಡಿ ಶಟರ್ ಹದಿನೈದು ದಿನದಿಂದ ಮಧ್ಯಾಹ್ನ ಇಳಿದಿರುತ್ತೆ. ಒಂದ್ಸಲ ಹೋಗಿ ಮಾತಾಡಿಸಿ" ಅಂದ. ನಾನು ಹೋದೆ. ಅಂಗಡಿಯವರ ಹೆಂಡತಿಗೆ ಡಯಾಲಿಸಿಸ್ ಶುರುವಾಗಿತ್ತು. ಸಾಲ ತಡೆಯಲಿಲ್ಲ, ಅವಧಿ ಜಾಸ್ತಿ ಮಾಡಿ ಕಂತು ಕಡಿಮೆ ಮಾಡಿಸಿದೆ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಮನಸ್ಸಿಗೆ ತೃಪ್ತಿ ಕೊಟ್ಟ ಕೆಲವೇ ದಿನಗಳಲ್ಲಿ ಅದೂ ಒಂದು. ಅವತ್ತು ನಾನು ಎರಡು ಗಂಟೆ ಸೀಟಲ್ಲಿ ಇರಲಿಲ್ಲ.

ಇಂಗ್ಲೆಂಡಿನ ಲೆಸ್ಟರ್ ಊರಿನ ಸರ್ಕಾರಿ ಆಸ್ಪತ್ರೆಗಳ ಕಚೇರಿ ಸಿಬ್ಬಂದಿ 146 ಜನರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಬಂತು. ಅರ್ಧದಷ್ಟು ತಂಡಗಳಿಗೆ ಎತ್ತರ ಏರಿಸಿ ಇಳಿಸುವ ಮೇಜು ಕೊಟ್ಟರು, ಜೊತೆಗೆ ತಿಳಿವಳಿಕೆ, ಆಗಾಗ ನೆನಪಿಸುವ ವ್ಯವಸ್ಥೆ. ಒಂದು ವರ್ಷದ ಮೇಲೆ ಅವರು ಕೆಲಸದ ದಿನ ಕೂರುವುದು ಉಳಿದವರಿಗಿಂತ ಸುಮಾರು 80 ನಿಮಿಷ ಕಡಿಮೆಯಾಗಿತ್ತು. ಕೆಲಸದಲ್ಲಿ ಮನಸ್ಸು ತೊಡಗುವುದು ಹೆಚ್ಚಿತ್ತು, ದಣಿವು, ಆತಂಕ ಇಳಿದಿತ್ತು ಅಂತ ಅವರ ಉತ್ತರಗಳು ಹೇಳಿದವು. ಆದರೆ ಕೆಲಸದ ಬಗ್ಗೆ ತೃಪ್ತಿ ಹೆಚ್ಚಲಿಲ್ಲ, ಕಾಯಿಲೆಯ ರಜೆಯೂ ಇಳಿಯಲಿಲ್ಲ. ಇದು ನನಗೆ ಸರಿ ಅನ್ನಿಸಿತು. ತೃಪ್ತಿ ಸಂಬಳದ್ದು, ಬಡ್ತಿಯದ್ದು, ಮ್ಯಾನೇಜರ್ ಮಾತಿನದ್ದು. ಅದನ್ನು ಮೇಜು ಕೊಡಲಾರದು. ಆದರೆ ಎದುರಿಗೆ ನಿಂತವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಶಕ್ತಿ ಮಧ್ಯಾಹ್ನ ಮೂರಕ್ಕೂ ಉಳಿದಿರಬೇಕಲ್ಲ, ಅದು ಮೈಗೆ ಸಂಬಂಧಪಟ್ಟದ್ದು. ನೋಯುವ ಸೊಂಟ ಇಟ್ಟುಕೊಂಡು ನಾನು ಎಷ್ಟು ಜನಕ್ಕೆ "ನಾಳೆ ಬನ್ನಿ" ಅಂದಿದ್ದೇನೋ ಅಂತ ಯೋಚಿಸಿದರೆ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡಿದರೆ ಸಾಕಲ್ವಾ ಅಂತ ಗೆಳತಿ ಕೇಳುತ್ತಾಳೆ. ಮಾಡಬೇಕು, ತುಂಬ ಒಳ್ಳೆಯದು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2016ರಲ್ಲಿ ಒಂದು ಲೆಕ್ಕ ಹಾಕಿದ್ದಾರೆ. ದಿನಕ್ಕೆ ಎಂಟು ಗಂಟೆಗೂ ಜಾಸ್ತಿ ಕೂರುವವರು 60ರಿಂದ 75 ನಿಮಿಷ ಬಿರುಸಾಗಿ ನಡೆದರೆ, ಕೂರುವುದರಿಂದ ಬರುವ ಹೆಚ್ಚಿನ ಸಾವಿನ ಅಪಾಯ ಇಲ್ಲವಾಗುತ್ತದೆ ಅಂತ. ಆದರೆ ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟಿ, ಮಕ್ಕಳನ್ನು ಕಳಿಸಿ, ಸಿಟಿ ಬಸ್ ಹಿಡಿಯುವವಳಿಗೆ ಆ 75 ನಿಮಿಷ ಎಲ್ಲಿದೆ? ಅದು ಕೆಲಸದ ಹೊತ್ತಿನೊಳಗೇ ಸ್ವಲ್ಪ ಸ್ವಲ್ಪ ಸಿಗಬೇಕು.

ಜವಳಿ ಅಂಗಡಿಯ ಹುಡುಗಿ

ನನ್ನ ಸ್ವಂತ ಅಣ್ಣನ ಮಗಳ ಮದುವೆ ಜವಳಿಗೆ ಹೋದಾಗ ನಡೆದದ್ದನ್ನು ಇಲ್ಲೇ ಹೇಳಬೇಕು. ಸುತ್ತಲ ಊರುಗಳಿಂದ ಮದುವೆ ಜವಳಿಗೆ ದಾವಣಗೆರೆಗೇ ಬರುತ್ತಾರೆ. ಹಳೇ ಅಂಗಡಿಗಳಲ್ಲಿ ಬಿಳಿ ಗಾದಿ ಹಾಸಿರುತ್ತಿದ್ದರು. ಸೀರೆ ತೋರಿಸುವವರೂ ಕೂತು, ನೋಡುವವರೂ ಕೂತು, ನಡುವೆ ಸೀರೆ ಬಿಚ್ಚಿ ಹರಡಿ ಮಾತು. ನಾವು ಹೋದದ್ದು ಹೊಸ ಶೋರೂಮು. ನಮಗೆ ಕುರ್ಚಿ ಹಾಕಿದರು. ಸೀರೆ ತೋರಿಸುವ ಹುಡುಗಿ ನಿಂತಿದ್ದಳು. ಮೂರು ಗಂಟೆ ನಾವು ಆರಿಸಿದೆವು, ಮೂರು ಗಂಟೆಯೂ ನಿಂತೇ ಇದ್ದಳು. ಅಕ್ಕ ಹಣ ಕಟ್ಟಲು ಹೋದಾಗ ನಾನು "ಕೂತ್ಕೊಳ್ಳಮ್ಮಾ ಸ್ವಲ್ಪ" ಅಂದೆ. ಅವಳು ನಕ್ಕು, ಮೂಲೆಯಲ್ಲಿದ್ದ ಕ್ಯಾಮೆರಾ ಕಡೆ ಒಮ್ಮೆ ನೋಡಿ, ಮಡಿಸಿದ ಸೀರೆಯನ್ನೇ ಮತ್ತೆ ಮಡಿಸತೊಡಗಿದಳು.

ಆ ನೋಟ ನನಗೆ ಗೊತ್ತಿತ್ತು. ಏಳುವ ಮೊದಲು ಕ್ಯಾಬಿನ್ ಕಡೆ ನಾನು ನೋಡುತ್ತಿದ್ದ ನೋಟ ಅದು. ಅಪ್ಪ ಬೆಂಚು ಬಿಟ್ಟು ಜಾಬರನ ಕಡೆ ನೋಡುತ್ತಿದ್ದ ನೋಟವೂ ಅದೇ ಇರಬೇಕು. ಅಲ್ಲಿಯವರೆಗೆ ನಾನು ಕೂರುವುದು ಕೆಟ್ಟದ್ದು, ನಿಲ್ಲುವುದು ಒಳ್ಳೆಯದು ಅಂತಲೇ ಯೋಚಿಸುತ್ತಿದ್ದೆ. ಅವಳನ್ನು ನೋಡಿದ ಮೇಲೆ ಬೇರೆ ಕಂಡಿತು. ಮೈಗೆ ಯಾವಾಗ ಕೂರಬೇಕು, ಯಾವಾಗ ಏಳಬೇಕು ಅಂತ ಗೊತ್ತಿರುತ್ತದೆ. ಅದನ್ನು ನಾವೇ ತೀರ್ಮಾನಿಸುವ ಹಾಗಿದ್ದರೆ ಕೆಲಸ ನಮ್ಮದು ಅನ್ನಿಸುತ್ತದೆ. ಅಷ್ಟಕ್ಕೂ ಬೇರೆಯವರ ಮುಖ ನೋಡಬೇಕಾದರೆ ಎಷ್ಟೇ ಒಳ್ಳೆಯ ಕುರ್ಚಿ ಕೊಟ್ಟರೂ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ಕೇರಳದ ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿ ಕಾನೂನು ತಿದ್ದಿದರು. 2021ರಲ್ಲಿ ತಮಿಳುನಾಡೂ ತಿದ್ದಿತು. ಕುರ್ಚಿಗಾಗಿ ಒಂದು ಕಾನೂನು ಬೇಕಾಯಿತು ಅಂದರೆ ಅದು ಸಣ್ಣ ವಿಷಯ ಅಲ್ಲವೇ ಅಲ್ಲ.

ನಮ್ಮ ಶಾಖೆಯಲ್ಲಿ ಈಗಿನ ಮ್ಯಾನೇಜರ್ ಕೇಳಿಸಿಕೊಳ್ಳುವವರು. ಹೋದ ದೀಪಾವಳಿ ಮುಗಿದ ಮೇಲೆ ಮೀಟಿಂಗಿನಲ್ಲಿ ನಾನು ಇದನ್ನೆಲ್ಲ ಹೇಳಿದೆ. ಜೋಮು ಹಿಡಿದದ್ದು, ನೀರು ಕುಡಿಯದೆ ಇದ್ದದ್ದು ಸಹ. ನೀರಿನ ಮಾತು ಬಂದಾಗ ಇನ್ನಿಬ್ಬರು ಹೆಣ್ಣುಮಕ್ಕಳು ತಲೆ ತಗ್ಗಿಸಿದರು. ಪ್ರಿಂಟರನ್ನು ನನ್ನ ಮೇಜಿನ ಪಕ್ಕದಿಂದ ತೆಗೆದು ಹಾಲಿನ ಆ ತುದಿಗೆ ಇಟ್ಟೆವು. ನೀರಿನ ಕ್ಯಾನೂ ಅಲ್ಲಿಗೇ ಹೋಯಿತು. ವಯಸ್ಸಾದವರು ಬಂದರೆ ಕೌಂಟರಿನ ಆಚೆ ಹೋಗಿ, ಬೆಂಚಿನ ಮೇಲೆ ಅವರ ಪಕ್ಕ ಕೂತು ಫಾರಂ ತುಂಬಿಸುತ್ತೇನೆ. ಅವರ ನಿಲ್ಲುವುದು ತಪ್ಪಿತು, ನನ್ನ ಕೂರುವುದು ಮುರಿಯಿತು. ಆನಗೋಡಿನ ಅಜ್ಜ ಮೊನ್ನೆ ಬಂದಿದ್ದರು. ಮಗನ ಹೆಸರು ನಾಮಿನಿಗೆ ಹಾಕಲು ಬಂದವರು ಬೆಂಚಿನ ಮೇಲೆ ಹೊಲದ್ದು, ಬೋರಿನದ್ದು, ಮೊಮ್ಮಗಳದ್ದು ಎಲ್ಲ ಹೇಳಿದರು. ಕೊನೆಗೆ ನಾಮಿನಿ ಮಗನಲ್ಲ, ಸೊಸೆ ಅಂತ ಬರೆಸಿದರು. ಕೌಂಟರಿನಲ್ಲಿ ನಿಂತಿದ್ದರೆ ಆ ಮಾತು ಅವರ ಬಾಯಿಗೆ ಬರುತ್ತಿತ್ತೋ ಇಲ್ಲವೋ.

ಅಪ್ಪನಿಗೆ ಈಗ ಎಲ್ಲ ಹೇಳಿದ್ದೇನೆ. ಕೇಳಿ ಸುಮ್ಮನಿದ್ದರು. ಆಮೇಲೆ, "ಬಾಗಿಲಲ್ಲಿ ಬಂದೂಕು ಹಿಡ್ಕೊಂಡು ಒಬ್ಬ ನಿಂತಿರ್ತಾನಲ್ಲ, ಅವನಿಗೆ ಏನು ಮಾಡಿದ್ರಿ?" ಅಂದರು.

ನಮ್ಮ ಗಾರ್ಡ್ ಅಣ್ಣ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರ ತನಕ ನಿಂತಿರುತ್ತಾನೆ. ಇಷ್ಟು ವರ್ಷ ನಾನು ದಿನಾ ಅವನನ್ನು ದಾಟಿಕೊಂಡೇ ಒಳಗೆ ಹೋಗಿದ್ದೇನೆ. ಒಂದು ಎತ್ತರದ ಸ್ಟೂಲ್ ಹಾಕಿಸಿ ಅಂತ ಕೇಳಿದೆ. ಏಜೆನ್ಸಿಯವರು ಒಪ್ಪಲಿಲ್ಲವಂತೆ, ಗಾರ್ಡ್ ಕೂತರೆ ಜನ ಏನಂದುಕೊಳ್ಳುತ್ತಾರೆ ಅಂತ. ಮುಂದಿನ ತಿಂಗಳ ಮೀಟಿಂಗ್ ಹತ್ತನೇ ತಾರೀಕಿಗಿದೆ. ಈ ಸಲ ಕಾಗದದಲ್ಲಿ ಬರೆದುಕೊಂಡು ಹೋಗುತ್ತೇನೆ. ಇನ್ನಿಬ್ಬರು ಸಹಿ ಹಾಕುತ್ತೇವೆ ಅಂದಿದ್ದಾರೆ.